ಯೂತ್ ಅಫೆಂಡಿಂಗ್ ಸರ್ವಿಸ್ ಕಚೇರಿಗೆ ಬರುವ ಹುಡುಗ ಚಾಕು ತಂದರೆ ಸಿಬ್ಬಂದಿ ಏನು ಮಾಡಬೇಕು? ನಿಯಮ ಬರೆಯಲು ಸಲಹೆ ಬೇಕು

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಒಂದು ಕೌನ್ಸಿಲ್‌ನ ಯೂತ್ ಅಫೆಂಡಿಂಗ್ ಸರ್ವಿಸ್‌ನಲ್ಲಿ (ಅಪರಾಧದಲ್ಲಿ ಸಿಕ್ಕಿಬಿದ್ದ ಮಕ್ಕಳನ್ನು ತಿದ್ದುವ ವಿಭಾಗ) ಕಚೇರಿ ವ್ಯವಸ್ಥೆ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮಲ್ಲಿಗೆ ಬರುವವರು 10ರಿಂದ 17 ವರ್ಷದ ಮಕ್ಕಳು, ಹೆಚ್ಚಿನವರು ಕೋರ್ಟ್ ಆದೇಶದ ಮೇಲೆ ಬರುವವರು. ಕಚೇರಿ ಈಗ ಬೇರೆ ಕಟ್ಟಡಕ್ಕೆ ಹೋಗುತ್ತಿದೆ: ಮುಂದೆ ರಿಸೆಪ್ಶನ್, ಎರಡು ಮಾತುಕತೆ ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಸೈಕಲ್ ರಿಪೇರಿ ಶೆಡ್. ಆಯುಧದ ಬಗ್ಗೆ ಈಗಿರುವ ನಿಯಮ ಒಂದೇ ಸಾಲು, "ಕಂಡರೆ ಮ್ಯಾನೇಜರ್‌ಗೆ ತಿಳಿಸಿ" ಅಂತ. ಅದನ್ನು ಸರಿಯಾಗಿ ಬರೆಯಬೇಕಿದೆ.

ಕೇಳಬೇಕಿರುವುದು ಇಷ್ಟು. ಬ್ಯಾಗ್, ಜೇಬು ತಪಾಸಣೆ ಮಾಡುವ ಅಧಿಕಾರ ನಮಗಿದೆಯೇ? ಹುಡುಗನೇ ಚಾಕು ತೆಗೆದುಕೊಟ್ಟರೆ ಎಲ್ಲಿಡಬೇಕು, ಸ್ಟೇಷನ್‌ಗೆ ಯಾರು ಒಯ್ಯಬೇಕು? ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಕಮಾನು ಹಾಕಿಸಿ ಎನ್ನುವವರಿದ್ದಾರೆ, ಅದರಿಂದ ಉಪಯೋಗ ಇದೆಯೇ?

---

ಕಾನೂನುಕಟ್ಟೆ

ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ. ಶಾಲಾ ಸಿಬ್ಬಂದಿಗೆ 1996ರ ಎಜುಕೇಶನ್ ಆಕ್ಟ್‌ನಲ್ಲಿ ತಪಾಸಣೆಯ ಅಧಿಕಾರ ಇದೆ. ಕೋರ್ಟ್‌ನ ಭದ್ರತಾ ಸಿಬ್ಬಂದಿಗೆ 2003ರ ಕೋರ್ಟ್ಸ್ ಆಕ್ಟ್‌ನಲ್ಲಿ ಇದೆ. ಯೂತ್ ಅಫೆಂಡಿಂಗ್ ತಂಡಗಳನ್ನು ಹುಟ್ಟುಹಾಕಿದ 1998ರ ಕ್ರೈಮ್ ಅಂಡ್ ಡಿಸಾರ್ಡರ್ ಆಕ್ಟ್‌ನಲ್ಲಿ ಅಂಥ ಅಧಿಕಾರ ಯಾರಿಗೂ ಕೊಟ್ಟಿಲ್ಲ. ಹಾಗಾಗಿ ನಿಮಗಿರುವುದು ಒಪ್ಪಿಗೆಯ ದಾರಿ ಮಾತ್ರ. ಹುಡುಗ ತಾನೇ ಜೇಬು ಖಾಲಿ ಮಾಡಿ ತೋರಿಸಬಹುದು, ತಾನೇ ಬ್ಯಾಗ್ ತೆರೆದು ತೋರಿಸಬಹುದು. ನೀವು ಕೈ ಹಾಕುವಂತಿಲ್ಲ.

ಈ ಒಪ್ಪಿಗೆಯಲ್ಲೂ ಒಂದು ತೊಡಕಿದೆ. ಅವನು ಅಲ್ಲಿಗೆ ಬಂದಿರುವುದೇ ಕೋರ್ಟ್ ಆದೇಶದಿಂದ, ಬರದಿದ್ದರೆ ಆದೇಶ ಉಲ್ಲಂಘನೆ. "ಬ್ಯಾಗ್ ತೋರಿಸದಿದ್ದರೆ ಒಳಗೆ ಬಿಡಲ್ಲ, ಬಿಡದಿದ್ದರೆ ಗೈರುಹಾಜರಿ" ಎಂದು ಬರೆದರೆ ಅದು ಒಪ್ಪಿಗೆ ಅನ್ನಿಸಿಕೊಳ್ಳುವುದಿಲ್ಲ. ತೋರಿಸಲು ಒಪ್ಪದಿದ್ದರೆ ಅಂದಿನ ಭೇಟಿ ಮುಂದಕ್ಕೆ ಹೋಗುತ್ತದೆ, ಗೈರುಹಾಜರಿ ಎಂದು ದಾಖಲಾಗುವುದಿಲ್ಲ, ಕೇಸ್ ಮ್ಯಾನೇಜರ್ ಅದೇ ದಿನ ಫೋನ್ ಮಾಡುತ್ತಾರೆ ಎಂದು ಬರೆಯಿರಿ.

ನಿಮ್ಮ ತಂಡಕ್ಕೆ ಪೊಲೀಸ್ ಇಲಾಖೆಯಿಂದ ಬಂದ ಅಧಿಕಾರಿ ಇದ್ದೇ ಇರುತ್ತಾರೆ. ಅವರಿಗೆ ಪೊಲೀಸರ ಅಧಿಕಾರಗಳನ್ನು ಹೇಳುವ 1984ರ ಪೇಸ್ ಕಾಯ್ದೆಯ 1ನೇ ಸೆಕ್ಷನ್ ಅನ್ವಯಿಸುತ್ತದೆ. ಜನ ಸುಲಭವಾಗಿ ಬಂದುಹೋಗುವ, ಮನೆಯಲ್ಲದ ಜಾಗದಲ್ಲಿ ಸಕಾರಣ ಅನುಮಾನ ಇದ್ದರೆ ಅವರು ತಪಾಸಣೆ ಮಾಡಬಹುದು. ಯೂನಿಫಾರ್ಮ್ ಇಲ್ಲದಿದ್ದರೆ ವಾರಂಟ್ ಕಾರ್ಡ್ (ಪೊಲೀಸ್ ಗುರುತಿನ ಚೀಟಿ) ತೋರಿಸಬೇಕು, ಕಾರಣ ಹೇಳಬೇಕು, ದಾಖಲೆ ಬರೆಯಬೇಕು. "ಇವನು ಮೊದಲು ಚಾಕು ಕೇಸಲ್ಲಿದ್ದ" ಎಂಬುದು ಒಂದೇ ಸಕಾರಣ ಅನುಮಾನ ಆಗುವುದಿಲ್ಲ. ಆ ಅಧಿಕಾರಿಯನ್ನು ದಿನಾ ಬಾಗಿಲಲ್ಲಿ ನಿಲ್ಲಿಸಿಕೊಳ್ಳಲೂ ಬೇಡಿ. ಮಕ್ಕಳು ಅವರ ಹತ್ತಿರ ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ.

ಯಾವುದು ಆಯುಧ ಎಂಬುದನ್ನು ಸಿಬ್ಬಂದಿಗೆ ಬಿಡಿಸಿ ಹೇಳಬೇಕು, ಗೊಂದಲ ಇರುವುದೇ ಇಲ್ಲಿ. ಸಾರ್ವಜನಿಕ ಜಾಗದಲ್ಲಿ ಸಕಾರಣವಿಲ್ಲದೆ ಹರಿತವಾದ ಅಥವಾ ಚೂಪಾದ ವಸ್ತು ಇಟ್ಟುಕೊಳ್ಳುವುದು 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟ್‌ನ 139ನೇ ಸೆಕ್ಷನ್ ಪ್ರಕಾರ ಅಪರಾಧ. ವಿನಾಯಿತಿ ಇರುವುದು 3 ಇಂಚಿಗಿಂತ ಉದ್ದವಿಲ್ಲದ ಅಲಗಿನ ಮಡಚುವ ಚಾಕುವಿಗೆ. ತೆರೆದಾಗ ಲಾಕ್ ಆಗಿ ನಿಲ್ಲುವಂಥದ್ದಕ್ಕೆ ಆ ವಿನಾಯಿತಿ ಇಲ್ಲ, ಅಲಗು 2 ಇಂಚಿದ್ದರೂ ಅಷ್ಟೇ. ಸ್ಕ್ರೂಡ್ರೈವರ್, ಬೇಸ್‌ಬಾಲ್ ಬ್ಯಾಟ್ ಥರದವು 1953ರ ಪ್ರಿವೆನ್ಶನ್ ಆಫ್ ಕ್ರೈಮ್ ಆಕ್ಟ್‌ಗೆ ಬರುವುದು ಇಟ್ಟುಕೊಂಡವನ ಉದ್ದೇಶದ ಮೇಲೆ. ಇನ್ನು 141ನೇ ಸೆಕ್ಷನ್‌ನ ನಿಷೇಧಿತ ಪಟ್ಟಿಯ ವಸ್ತುಗಳನ್ನು ಮನೆಯೊಳಗೂ ಇಟ್ಟುಕೊಳ್ಳುವಂತಿಲ್ಲ. 8 ಇಂಚಿಗಿಂತ ಉದ್ದದ ಅಲಗಿರುವ ಜಾಂಬಿ ಮಾದರಿಯ ಚಾಕು ಮತ್ತು ಕೆಲವು ಬಗೆಯ ಮಚ್ಚು 2024ರ ಸೆಪ್ಟೆಂಬರ್ 24ರಿಂದ, ನಿಂಜಾ ಕತ್ತಿ 2025ರ ಆಗಸ್ಟ್ 1ರಿಂದ ಈ ಪಟ್ಟಿಯಲ್ಲಿವೆ.

ನಮ್ಮವರಿಗೆ ಬೇಕಾದ ಎರಡು ಮಾತು. ಪೆಪ್ಪರ್ ಸ್ಪ್ರೇ ಬೆಂಗಳೂರಲ್ಲಿ ಹ್ಯಾಂಡ್‌ಬ್ಯಾಗ್‌ನಲ್ಲಿರುವ ಸಾಮಾನ್ಯ ವಸ್ತು. ಇಲ್ಲಿ ಅದು 1968ರ ಫೈರ್‌ಆರ್ಮ್ಸ್ ಆಕ್ಟ್‌ನ 5ನೇ ಸೆಕ್ಷನ್‌ನ ನಿಷೇಧಿತ ಆಯುಧ. ಊರಿಂದ ಬಂದ ಹೊಸ ಸಿಬ್ಬಂದಿಗೂ, ಮಕ್ಕಳ ಜೊತೆ ಬರುವ ತಾಯಂದಿರಿಗೂ ಇದು ಗೊತ್ತಿರುವುದಿಲ್ಲ. ಎರಡನೆಯದು, ಸಿಖ್ ಹುಡುಗ ಕೃಪಾಣ್ ಧರಿಸಿ ಬಂದರೆ ಅದನ್ನು ಆಯುಧ ಎಂದು ಬರೆದುಕೊಳ್ಳಬೇಡಿ. ಧಾರ್ಮಿಕ ಕಾರಣ, ಕೆಲಸಕ್ಕೆ ಬೇಕಾದದ್ದು, ರಾಷ್ಟ್ರೀಯ ಉಡುಪಿನ ಭಾಗ, ಈ ಮೂರೂ 139ರಲ್ಲೇ ಹೇಳಿರುವ ಸಮರ್ಥನೆಗಳು. ಹಾಗಂತ ಕೊಡವರ ಪೀಚೆಕತ್ತಿಗೆ ಭಾರತದ ಆರ್ಮ್ಸ್ ಆಕ್ಟ್‌ನಲ್ಲಿರುವ ವಿನಾಯಿತಿ ಇಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ. ಇಲ್ಲಿ ಉಡುಪಿನ ಸಮರ್ಥನೆಯನ್ನು ಧರಿಸಿದವರೇ ಸಾಬೀತು ಮಾಡಬೇಕು.

---

ಡ್ಯೂಟಿ ಡೆಸ್ಕ್

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಪೆಟ್ಟಾಗೋದು ಹೆಚ್ಚಾಗಿ ಕೈಯಿಂದ ಕೈಗೆ ಬದಲಾಗೋ ಹೊತ್ತಿನಲ್ಲಿ. ಆದ್ದರಿಂದ "ಇಲ್ಲಿ ಕೊಡು" ಅಂತ ಕೈ ಚಾಚೋದನ್ನ ನಿಯಮದಲ್ಲೇ ನಿಷೇಧಿಸಿ. ಹೇಳಬೇಕಾದ ಮಾತು ಇಷ್ಟೇ: "ಅದನ್ನ ಮೇಜಿನ ಮೇಲಿಡು, ನನ್ನ ಜೊತೆ ಆಚೆ ಬಾ." ಅವನು ಇಟ್ಟ ಮೇಲೆ ಇಬ್ಬರೂ ಕೋಣೆಯಿಂದ ಹೊರಗೆ ಬನ್ನಿ, ಬಾಗಿಲಿಗೆ ಬೀಗ ಹಾಕಿ, ಚಾಕು ಒಳಗೇ ಇರಲಿ. ಕೋಣೆಯೇ ನಿಮ್ಮ ಸೇಫ್. ಹತ್ತರಲ್ಲಿ ಎಂಟು ಸಲಕ್ಕೆ ಇಷ್ಟೇ ಸಾಕು, ಟ್ಯೂಬು ಡಬ್ಬಿ ಏನೂ ಬೇಕಾಗಲ್ಲ. ಎಲ್ಲರೂ ಶಾಂತವಾಗಿದ್ದರೆ 101ಕ್ಕೆ (ತುರ್ತಲ್ಲದ ಪೊಲೀಸ್ ನಂಬರ್) ಫೋನ್. ಅವನ ಕೈಯಲ್ಲಿ ಇನ್ನೂ ಇದ್ದರೆ, ಯಾರಿಗಾದರೂ ಅಪಾಯ ಇದ್ದರೆ, ಅಥವಾ ಅದು ಬಂದೂಕಾಗಿದ್ದರೆ ತುರ್ತು ನಂಬರ್ 999. ಮಾತಾಡೋಕಾಗದ ಸ್ಥಿತಿ ಇದ್ದರೆ ಮೊಬೈಲಿಂದ 999 ಒತ್ತಿ, ಕೇಳಿದಾಗ 55 ಒತ್ತಬೇಕು. ಏನೂ ಒತ್ತದೆ ಸುಮ್ಮನಿದ್ದರೆ ಪೊಲೀಸರಿಗೆ ಕರೆ ದಾಟಿಸದೇ ಹೋಗಬಹುದು. 55 ಒತ್ತಿದ ಮಾತ್ರಕ್ಕೆ ನೀವಿರೋ ಜಾಗ ಪೊಲೀಸರಿಗೆ ಗೊತ್ತಾಗಲ್ಲ ಅನ್ನೋದನ್ನೂ ಸಿಬ್ಬಂದಿಗೆ ಹೇಳಿ.

ಎತ್ತಲೇಬೇಕಾದ ಸಂದರ್ಭ ಅಂದ್ರೆ, ಬೇರೆ ಮಕ್ಕಳು ಓಡಾಡೋ ಕಾರಿಡಾರ್‌ನಲ್ಲಿ ಬಿದ್ದಿದ್ದರೆ. ಅದಕ್ಕೆ ರಿಸೆಪ್ಶನ್ ಹಿಂದೆ ಒಂದು ಪೆಟ್ಟಿಗೆ ಇಡಿ: ನೈಟ್ರೈಲ್ ಗ್ಲೌಸ್, ಒಳಗಿರೋದು ಕಾಣೋ ಗಟ್ಟಿ ಪ್ಲಾಸ್ಟಿಕ್ ಚಾಕು ಟ್ಯೂಬು ಸಣ್ಣದು ದೊಡ್ಡದು ಎರಡೆರಡು, ಟೇಪು, ಕೇಬಲ್ ಟೈ, ನಂಬರ್ ಇರೋ ಸೀಲ್ ಬ್ಯಾಗು, ಪೆನ್ನು. ಟ್ಯೂಬನ್ನ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಚಾಕು ತುರುಕೋದು ತಪ್ಪು. ಮೊನೆ ಜಾರಿದರೆ ಹಿಡಿದ ಕೈಗೇ ಬೀಳುತ್ತೆ. ಟ್ಯೂಬಿನ ಒಂದು ಅರ್ಧವನ್ನ ನೆಲದ ಮೇಲೆ ಮಲಗಿಸಿ, ಬಾಯಿ ನಿಮ್ಮ ಕಡೆಗಿರಲಿ. ಹಿಡಿಯ ತುದಿಯ ಅಂಚನ್ನ ಎರಡೇ ಬೆರಳಲ್ಲಿ ಹಿಡಿದು, ಮೊನೆ ಮುಂದಾಗಿ ಒಳಗೆ ಜಾರಿಸಿ. ಹಿಡಿಯ ಅಗಲವಾದ ಭಾಗ ಮುಟ್ಟಬೇಡಿ, ಬೆರಳಚ್ಚು ಇರೋದು ಅಲ್ಲೇ. ಇನ್ನೊಂದು ಅರ್ಧ ಮುಚ್ಚಿ, ಟೈ ಬಿಗಿದು, ಬ್ಯಾಗಿಗೆ ಹಾಕಿ ಸೀಲ್ ನಂಬರ್ ಬರ್ಕೊಳ್ಳಿ. ರಕ್ತ ಅಥವಾ ಒದ್ದೆ ಇದ್ದರೆ ಇದ್ಯಾವುದೂ ಬೇಡ, ಅಲ್ಲೇ ಬಿಟ್ಟು ಆ ಜಾಗವನ್ನೇ ಮುಚ್ಚಿ. ಗಾಳಿಯಾಡದ ಪ್ಲಾಸ್ಟಿಕ್‌ನಲ್ಲಿ ಒದ್ದೆ ವಸ್ತು ಬೆವರಿ ಬೂಸು ಹಿಡಿದು ಡಿಎನ್‌ಎ ಹಾಳಾಗುತ್ತೆ.

ಕಂದು ಲಕೋಟೆಗೆ ಹಾಕಿ ಡ್ರಾಯರ್‌ಗೆ ಸೇರಿಸೋ ಅಭ್ಯಾಸ ಎಷ್ಟೋ ಕಡೆ ಇದೆ. ಮರುದಿನ ಸ್ಟೇಪ್ಲರ್ ಹುಡುಕೋಕೆ ಕೈ ಹಾಕಿದವರ ಗತಿ ಏನು? ಪೊಲೀಸರು ಬರೋತನಕ ಇಡಬೇಕಾದರೆ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆ, ಒಂದೇ ಕೀಲಿ, ಅದು ಡ್ಯೂಟಿ ಮ್ಯಾನೇಜರ್ ಹತ್ತಿರ. ರಾತ್ರಿ ಉಳಿಸಬಾರದು.

ಸ್ಟೇಷನ್‌ಗೆ ನೀವು ಒಯ್ಯಬೇಡಿ. ಬೀದಿಗೆ ಇಳಿದ ತಕ್ಷಣ 139ರ ಕೆಳಗೆ ಚಾಕು ಇಟ್ಟುಕೊಂಡವರು ನೀವಾಗ್ತೀರಿ, ಸಕಾರಣ ತೋರಿಸೋ ಹೊರೆಯೂ ನಿಮ್ಮದೇ. ಅವರೇ ಬಂದು ತಗೊಂಡು ಹೋಗಲಿ. ಬಂದ ಪೊಲೀಸರ ಕಾಲರ್ ನಂಬರ್ (ಅವರ ಗುರುತಿನ ಸಂಖ್ಯೆ), ಕರೆಯ ಲಾಗ್ ನಂಬರ್, ಕೊಟ್ಟ ಸಮಯ ಬರ್ಕೊಂಡು ಸಹಿ ಹಾಕಿಸಿಕೊಳ್ಳಿ. ಚಾಕು ತಂದು ಹಾಕಲು ಇಟ್ಟಿರೋ ಸಾರ್ವಜನಿಕ ಸರೆಂಡರ್ ಡಬ್ಬಕ್ಕೆ ಹುಡುಗನ ಜೊತೆ ಹೋಗಿ ಹಾಕಿಸೋದೂ ಬೇಡ. ಆ ಚಾಕು ಬೇರೆ ಯಾವುದೋ ಕೇಸಿನ ಸಾಕ್ಷಿ ಆಗಿದ್ದರೆ ಅಲ್ಲಿಗೆ ಕಥೆ ಮುಗೀತು. ವರ್ಷಕ್ಕೆರಡು ಸಲ ನಡೆಯೋ ಆಪರೇಶನ್ ಸೆಪ್ಟರ್ (ಪೊಲೀಸರ ಚಾಕು ವಿರೋಧಿ ಅಭಿಯಾನ) ವಾರದ ಡಬ್ಬಗಳಿಗೂ ಇದೇ ಮಾತು.

ಲಾಗ್ ಬುಕ್‌ನಲ್ಲಿ "ಚಾಕು ಸಿಕ್ಕಿತು" ಅಂತ ಬರೆದರೆ ಆರು ತಿಂಗಳ ಮೇಲೆ ಯಾರಿಗೂ ಅರ್ಥವಾಗಲ್ಲ. "ಕಪ್ಪು ಹಿಡಿ, ಮಡಚದ ಅಲಗು, ಸುಮಾರು ಒಂದು ಗೇಣು, ಕೋಣೆ 2ರ ಮೇಜಿನ ಮೇಲೆ ಅವನೇ ಇಟ್ಟ" ಅಂತ ಬರೀರಿ. ಅಳೆಯೋಕೆ ಹೋಗಬೇಡಿ. ಹುಡುಗ ಏನಂದ ಅನ್ನೋದನ್ನ ಅವನ ಮಾತಲ್ಲೇ ಬರೀರಿ, ಆದರೆ ಯಾಕೆ ತಂದೆ, ಯಾರು ಕೊಟ್ಟರು ಅಂತ ರಿಸೆಪ್ಶನ್‌ನಲ್ಲಿ ಕೆದಕಬೇಡಿ. ಅದು ಪೊಲೀಸರು ಎಚ್ಚರಿಕೆ ಹೇಳಿ, ದೊಡ್ಡವರೊಬ್ಬರನ್ನ ಜೊತೆಗಿಟ್ಟು ಕೇಳಬೇಕಾದ ಪ್ರಶ್ನೆ. "ಕೊಟ್ಟುಬಿಡು, ಏನೂ ಆಗಲ್ಲ" ಅನ್ನೋ ಮಾತಂತೂ ಯಾರ ಬಾಯಲ್ಲೂ ಬರಬಾರದು. 16 ತುಂಬಿದವನು ಮೊದಲೇ ಒಮ್ಮೆ ಚಾಕು ಕೇಸಲ್ಲಿ ಶಿಕ್ಷೆ ಆದವನಾಗಿದ್ದರೆ, ಎರಡನೇ ಸಲಕ್ಕೆ ಕನಿಷ್ಠ 4 ತಿಂಗಳ ಡಿಟೆನ್ಶನ್ ಅಂಡ್ ಟ್ರೈನಿಂಗ್ ಆರ್ಡರ್ (ಬಂಧನದ ಶಿಕ್ಷೆ) ಕೊಡಬೇಕು ಅಂತ ಸೆಂಟೆನ್ಸಿಂಗ್ ಕೋಡ್ ಹೇಳುತ್ತೆ, ಅದು ಅನ್ಯಾಯ ಅನ್ನಿಸುವಂಥ ವಿಶೇಷ ಪರಿಸ್ಥಿತಿ ಇದ್ದರೆ ಮಾತ್ರ ಬಿಡಬಹುದು. ನೀವು ಕೊಡೋ ಭರವಸೆಗೆ ಬೆಲೆ ಇಲ್ಲ. ಆಯುಧ ಕಂಡರೆ ಪೊಲೀಸರಿಗೆ ಹೇಳ್ತೀವಿ ಅನ್ನೋದನ್ನ ಮೊದಲ ಭೇಟಿಯಲ್ಲೇ ಅವನಿಗೂ ಮನೆಯವರಿಗೂ ಹೇಳಿ ಸಹಿ ತಗೊಳ್ಳಿ.

ಬಂದೂಕು ಆದರೆ ಮುಟ್ಟಲೇಬೇಡಿ, ಗುಂಡು ತೆಗೆಯೋ ಸಾಹಸ ಬೇಡ, ಪೆಟ್ಟಿಗೆಗೂ ಹಾಕಬೇಡಿ. ಆಟಿಕೆ ಅನ್ನಿಸಿದರೂ ಇದೇ ನಿಯಮ, ನೋಡಿ ಹೇಳೋಕಾಗಲ್ಲ. ನಳಿಕೆ ಯಾವ ಕಡೆ ತಿರುಗಿದೆಯೋ ಆ ಕಡೆ ಯಾರೂ ಹೋಗದ ಹಾಗೆ ಕಟ್ಟಡ ಖಾಲಿ ಮಾಡಿಸಿ.

---

ಸ್ಪ್ಯಾನರ್ ನಂಬರ್ 10

ಮೇಲಿನ ಇಬ್ಬರ ಮಾತೂ ಸರಿ. ಆದರೆ ನಿಮ್ಮ ಕಟ್ಟಡದಲ್ಲಿ ಅತಿ ಹೆಚ್ಚು ಹರಿತ ವಸ್ತು ಇರುವುದು ಮಕ್ಕಳ ಜೇಬಿನಲ್ಲಲ್ಲ, ನಿಮ್ಮದೇ ಸೈಕಲ್ ಶೆಡ್ ಮತ್ತು ಅಡುಗೆಮನೆಯಲ್ಲಿ. ನಿಯಮದಲ್ಲಿ ಅರ್ಧ ಭಾಗ ಅದಕ್ಕೇ ಹೋಗಬೇಕು.

ಶೆಡ್‌ಗೆ ನೆರಳು ಹಲಗೆ ಮಾಡಿಸಿ. ಗೋಡೆಯ ಹಲಗೆ ಮೇಲೆ ಪ್ರತಿ ಉಪಕರಣದ ಆಕಾರವನ್ನು ಬಣ್ಣದಲ್ಲಿ ಬರೆದು, ನಂಬರ್ ಹಾಕಿ, ಅದರ ಮೇಲೇ ನೇತುಹಾಕುವುದು. ಯಾವುದು ಇಲ್ಲ ಅನ್ನುವುದು ದೂರದಿಂದಲೇ ಕಾಣುತ್ತದೆ. ಕೊಡುವಾಗ ಒಮ್ಮೆ ಎಣಿಕೆ, ಮಧ್ಯದ ವಿರಾಮಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ. ಈ ಕೊನೆಯ ಎಣಿಕೆ ಬಾಗಿಲು ತೆರೆಯುವ ಮೊದಲೇ ಮುಗಿದಿರಬೇಕು. ಹುಡುಗರು ಹೋದ ಮೇಲೆ ಎಣಿಸಿದರೆ ಕಳೆದದ್ದು ಗೊತ್ತಾಗುತ್ತದೆ ಅಷ್ಟೇ, ಸಿಗುವುದಿಲ್ಲ. ಟಾಯ್ಲೆಟ್‌ಗೆ ಹೋಗುವವನು ಕೈಯಲ್ಲಿರುವುದನ್ನು ನೇತುಹಾಕಿಯೇ ಹೋಗಬೇಕು.

ಹಲಗೆಗೆ ಸಿಗದವು ಮೂರಿವೆ. ಸ್ಟ್ಯಾನ್ಲಿ ಚಾಕುವಿನ ಬ್ಲೇಡು: ಚಾಕು ಎಣಿಸಿದರೆ ಸಾಲದು, ಬ್ಲೇಡ್ ಎಣಿಸಬೇಕು. ಹಿಡಿಯೊಳಗೆ ಬಿಡಿ ಬ್ಲೇಡ್ ಇಡುವ ಗೂಡು ಇರುತ್ತದೆ, ಅದು ಖಾಲಿ ಇರಬೇಕು. ಹಳೆ ಬ್ಲೇಡಿಗೆ ಸೀಳು ಮಾತ್ರ ಇರುವ ಮುಚ್ಚಿದ ಡಬ್ಬ, ಕಸದ ಬುಟ್ಟಿ ಅಲ್ಲ. ಆದಷ್ಟು ಮಟ್ಟಿಗೆ ಈ ಚಾಕುಗಳನ್ನೇ ಕೈಬಿಡಿ, ಇನ್ನರ್ ಟ್ಯೂಬ್ ಕತ್ತರಿಸಲು ಮೊಂಡು ಮೊನೆಯ ಕತ್ತರಿ ಸಾಕು. ಎರಡನೆಯದು ಸ್ಪೋಕ್ ಕಡ್ಡಿ. ಬಾಗಿದ ಹಳೆ ಚಕ್ರದಿಂದ ಕಿತ್ತ ಸ್ಪೋಕ್‌ಗಳನ್ನು ಯಾರೂ ಉಪಕರಣ ಎಂದು ಎಣಿಸುವುದೇ ಇಲ್ಲ, ಕಲ್ಲಿಗೆ ನಾಲ್ಕು ಸಲ ಉಜ್ಜಿದರೆ ದಬ್ಬಣ. ಬಿಚ್ಚಿದ ತಕ್ಷಣ ಮೋಟು ಮಾಡಿ ಬೀಗವಿರುವ ಡಬ್ಬಕ್ಕೆ ಹಾಕಿ. ಮೂರನೆಯದು ಬೈಕ್ ಚೈನ್ ತುಂಡು.

ಒಂದು ವಸ್ತು ಕಡಿಮೆ ಬಂದರೆ ಯಾರ ಮೇಲೂ ಅಪವಾದ ಹೊರಿಸದೆ ಕೆಲಸ ನಿಲ್ಲಿಸಿ, "ಎಲ್ಲರೂ ಸೇರಿ ಹುಡುಕೋಣ" ಎನ್ನಿ. ಹೆಚ್ಚಿನ ಸಲ ಅದು ಸ್ಟ್ಯಾಂಡಿನ ಕೆಳಗೋ ಸೈಕಲ್ ಫ್ರೇಮಿನೊಳಗೋ ಬಿದ್ದಿರುತ್ತದೆ. ಒಬ್ಬರು ಹುಡುಕಲು, ಒಬ್ಬರು ಬಾಗಿಲಲ್ಲಿ: ಅದಕ್ಕೇ ಶೆಡ್‌ನಲ್ಲಿ ಸಿಬ್ಬಂದಿ ಇಬ್ಬರಿಗಿಂತ ಕಡಿಮೆ ಇರಬಾರದು. ಬಾಗಿಲಲ್ಲಿರುವವರು ಹೊರಟವನನ್ನು ತಡೆದು ಹಿಡಿಯಲು ನಿಂತವರಲ್ಲ, ಯಾರು ಯಾವಾಗ ಹೋದರು ಎಂದು ಗಮನಿಸಲು ಮಾತ್ರ. ಅಷ್ಟಾದರೂ ಸಿಗದಿದ್ದರೆ ಆಗ ಪೊಲೀಸ್ ಅಧಿಕಾರಿಯನ್ನು ಕರೆಯಿರಿ.

ಅಡುಗೆಮನೆಗೆ ಮೊನೆ ದುಂಡಗಿರುವ ಚಾಕು ಸಿಗುತ್ತದೆ, ಈರುಳ್ಳಿ ಹೆಚ್ಚಲು ಏನೂ ತೊಂದರೆಯಿಲ್ಲ. ಹರಿತ ಕಡಿಮೆ ಮಾಡಬೇಡಿ, ಮೊಂಡು ಚಾಕು ಜಾರಿ ಬೆರಳು ಕೊಯ್ಯುತ್ತದೆ. ಮೊನೆ ಇಲ್ಲದಿದ್ದರೆ ಸಾಕು. ನಾಲ್ಕು ಜನಕ್ಕೆ ನಾಲ್ಕು ಚಾಕು, ಹಿಡಿಗೆ ನಂಬರು, ಉಳಿದವು ಬೀಗದಲ್ಲಿ. ಸಾಯಂಕಾಲ, ಕೋರ್ಟ್ ಕಳಿಸಿದ ಹುಡುಗನ ಜೊತೆ ಸ್ವಯಂಸೇವಕರು ಕೂತು ಮಾತಾಡುವ ರೆಫರಲ್ ಆರ್ಡರ್ ಪ್ಯಾನೆಲ್‌ಗೆ ಬೇರೆಯವರ ಸಮುದಾಯ ಭವನ ಬಳಸುತ್ತೀರಾದರೆ ಅಲ್ಲಿನ ಅಡುಗೆಮನೆ ಡ್ರಾಯರ್ ಒಮ್ಮೆ ನೋಡಿ. ಪ್ಯಾನೆಲ್‌ನ ಇಬ್ಬರು ಸ್ವಯಂಸೇವಕರಿಗೆ ಅದು ಗೊತ್ತೇ ಇರುವುದಿಲ್ಲ.

ಇನ್ನು ಕಮಾನು. ನಾನಾದರೆ ಹಾಕಿಸುವುದಿಲ್ಲ. ಅದು ಲೋಹವನ್ನು ಮಾತ್ರ ಹಿಡಿಯುತ್ತದೆ, ಸೆರಾಮಿಕ್ ಚಾಕು ದಾಟಿಹೋಗುತ್ತದೆ. ಬೆಲ್ಟು, ಬೂಟಿಗೆಲ್ಲ ಕೂಗುತ್ತದೆ. ಕೂಗಿದ ಮೇಲೆ ಏನು? ತಪಾಸಣೆಯ ಅಧಿಕಾರ ಇಲ್ಲ ಎಂದು ಕಾನೂನುಕಟ್ಟೆಯವರು ಮೇಲೇ ಹೇಳಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಬಾಗಿಲಲ್ಲಿ ಸಾಲು ನಿಲ್ಲುತ್ತದೆ, ಒಬ್ಬರಿಗೊಬ್ಬರು ಆಗದ ಹುಡುಗರು ಅದೇ ಸಾಲಲ್ಲಿ ಎದುರಾಗುತ್ತಾರೆ. ಕಮಾನು ಇದೆ ಎಂದು ಗೊತ್ತಾದ ಮೇಲೆ ಚಾಕು ಮನೆಯಲ್ಲಿ ಉಳಿಯುವುದಿಲ್ಲ, ನಿಮ್ಮ ಗೇಟಿನ ಪಕ್ಕದ ಪೊದೆಗೆ ಬರುತ್ತದೆ. ಚಾಕು ಇಟ್ಟುಕೊಳ್ಳುವುದು ಕಚೇರಿಗೆ ಹೆದರಿ ಅಲ್ಲ, ಅವರು ಭಯಪಡುವುದು ದಾರಿಗೆ.

ಅದೇ ದುಡ್ಡಲ್ಲಿ ಬೇಲಿ ಗಿಡವನ್ನು ಮೊಣಕಾಲಿಗಿಂತ ಕೆಳಗೆ ಕತ್ತರಿಸಿ. ಟಾಯ್ಲೆಟ್‌ನ ಸಿಸ್ಟರ್ನ್ ಗೋಡೆಯೊಳಗೆ ಮುಚ್ಚಿಸಿ, ಎತ್ತಲು ಬರುವ ಸೀಲಿಂಗ್ ಹಲಗೆಗಳನ್ನು ಸ್ಕ್ರೂ ಹಾಕಿಸಿ. ಬೆಳಗ್ಗೆ ತೆರೆಯುವ ಮುನ್ನ, ಸಂಜೆ ಮುಚ್ಚುವ ಮುನ್ನ ಪೊದೆ, ಕಸದ ಡಬ್ಬ, ಮಳೆನೀರಿನ ಪೈಪಿನ ಹಿಂಭಾಗ, ಟಾಯ್ಲೆಟ್ ನೋಡುವ ಒಂದು ಸುತ್ತು. ಟಾರ್ಚ್ ಹಿಡಿದು ನೋಡಬೇಕು, ಕೈ ಹಾಕಿ ತಡಕಬಾರದು.

---

ತುಂಗಾತೀರ

ಎಲ್ಲರಿಗೂ ಧನ್ಯವಾದ. ಪೊದೆಯ ವಿಷಯ ಯಾರೂ ಯೋಚಿಸಿರಲಿಲ್ಲ. "ಅವರು ಭಯಪಡುವುದು ದಾರಿಗೆ" ಎಂದಿರಲ್ಲ, ಅದಕ್ಕೆ ಕಚೇರಿ ಕಡೆಯಿಂದ ಏನು ಮಾಡಬಹುದು? ಮತ್ತೆ ಪ್ಯಾನಿಕ್ ಬಟನ್ ಎಲ್ಲೆಲ್ಲಿ ಹಾಕಿಸಲಿ?

---

ಸ್ಪ್ಯಾನರ್ ನಂಬರ್ 10

ಭೇಟಿಯ ಸಮಯ. ಪ್ರತಿ ಮಂಗಳವಾರ 4 ಗಂಟೆಗೆ ಅಂತ ಖಾಯಂ ಮಾಡಿದರೆ ಆ ಹುಡುಗ ಯಾವಾಗ ಯಾವ ಬಸ್‌ಸ್ಟಾಪಲ್ಲಿ ಇಳಿಯುತ್ತಾನೆ ಎಂದು ಆಗದವರಿಗೆಲ್ಲ ಗೊತ್ತಾಗುತ್ತದೆ. ಸಮಯ ಬದಲಿಸುತ್ತಿರಿ, ಎದುರಾಳಿಗಳ ನಡುವೆ ಕನಿಷ್ಠ ಅರ್ಧ ಗಂಟೆ ಬಿಡಿ. ಅವನ ದಾರಿ ಬೇರೆ ಗುಂಪಿನ ಬೀದಿ ದಾಟುವುದಾದರೆ ಶಾಲೆಯಲ್ಲೋ ಲೈಬ್ರರಿಯಲ್ಲೋ ನೀವೇ ಹೋಗಿ ಭೇಟಿ ಮಾಡಿ, ಇಲ್ಲವೇ ಟ್ಯಾಕ್ಸಿ ಕಳಿಸಿ. ರಿಸೆಪ್ಶನ್‌ನಲ್ಲಿ ಹೆಸರು ಕೂಗಬೇಡಿ, ಇಂದಿನ ಭೇಟಿಗಳ ಬೋರ್ಡ್ ಹೊರಗೆ ಕಾಣುವ ಹಾಗೆ ಇರಬಾರದು. "ದಾರಿಯಲ್ಲಿ ಯಾರಾದರೂ ಕಾಯುತ್ತಿರುತ್ತಾರಾ?" ಎಂಬ ಪ್ರಶ್ನೆ ಅಸೆಸ್‌ಮೆಂಟ್ ಮಾಡುವಾಗಲೇ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ವಶಪಡಿಸಿಕೊಂಡ ಮಚ್ಚುಗಳ ಫೋಟೋ ಇರುವ ಪೋಸ್ಟರ್ ಗೋಡೆಗೆ ಅಂಟಿಸಿದ್ದರೆ ಇಂದೇ ಕಿತ್ತುಹಾಕಿ. ಎಲ್ಲರ ಹತ್ತಿರವೂ ಇದೆ ಎಂಬ ಭಯವನ್ನೇ ಅದು ಬೆಳೆಸುವುದು.

---

ಡ್ಯೂಟಿ ಡೆಸ್ಕ್

ಬಟನ್ ಎಲ್ಲಿ ಅನ್ನೋದಕ್ಕಿಂತ ಅದು ಎಲ್ಲಿ ಕೂಗುತ್ತೆ ಅನ್ನೋದು ಮುಖ್ಯ. ಎಷ್ಟೋ ಕಚೇರಿಯಲ್ಲಿ ರಿಸೆಪ್ಶನ್ ಬಟನ್ ಒತ್ತಿದರೆ ರಿಸೆಪ್ಶನ್‌ನಲ್ಲೇ ಗಂಟೆ ಹೊಡೆಯುತ್ತೆ! ಹಿಂದಿನ ಸಿಬ್ಬಂದಿ ಕೋಣೆಯಲ್ಲಿ ಕೂಗಬೇಕು, "ಜೋನ್ 2" ಅಂತಲ್ಲ, "ಮಾತುಕತೆ ಕೋಣೆ, ಎಡಗಡೆ" ಅಂತ ತೋರಿಸಬೇಕು. ಅಂದಂದಿನ ಇಬ್ಬರ ಹೆಸರು ಬೋರ್ಡಲ್ಲಿರಲಿ, ಕೂಗಿದರೆ ಹೋಗೋದು ಅವರು, ಎಲ್ಲರೂ ನುಗ್ಗೋದಲ್ಲ. ಬಾಗಿಲ ಗಾಜಿನಲ್ಲಿ ಮೊದಲು ನೋಡಿ, ಚಾಕು ಕಂಡರೆ ಒಳಗೆ ಹೋಗದೆ 999. ವಾರಕ್ಕೊಮ್ಮೆ ಪ್ರತಿಯೊಂದು ಬಟನ್ನೂ ಒತ್ತಿ ನೋಡಿ ಬರೆದಿಡಿ.

ಕೋಣೆಗೆ: ಬಾಗಿಲು ಹೊರಗೆ ತೆರೆಯಬೇಕು, ಒಳಗಿಂದ ಕುರ್ಚಿ ಅಡ್ಡ ಇಟ್ಟರೂ ತೆರೆಯೋಕಾಗಬೇಕು. ಸಿಬ್ಬಂದಿ ಕುರ್ಚಿ ಬಾಗಿಲ ಹತ್ತಿರ, ಆದರೆ ಹುಡುಗನ ದಾರಿಗೆ ಅಡ್ಡ ಅಲ್ಲ. ಓಡಿಹೋಗೋಕೆ ಜಾಗ ಸಿಕ್ಕವನು ತಿರುಗಿಬೀಳೋದು ಕಡಿಮೆ. ಪಿಂಗಾಣಿ ಮಗ್, ಕತ್ತರಿ, ಪಂಚಿಂಗ್ ಮೆಷಿನ್ ಮೇಜಿನ ಮೇಲೆ ಬೇಡ. ಬಿಸಿ ಚಹಾ ಬೇಡ, ನೀರು ಸಾಕು.

---

ಕಾನೂನುಕಟ್ಟೆ

ಒಂದು ಸೇರಿಸುತ್ತೇನೆ. 1999ರ ಮ್ಯಾನೇಜ್‌ಮೆಂಟ್ ಆಫ್ ಹೆಲ್ತ್ ಅಂಡ್ ಸೇಫ್ಟಿ ಅಟ್ ವರ್ಕ್ ನಿಯಮಗಳ ಪ್ರಕಾರ ಅಪಾಯದ ಅಂದಾಜು, ತುರ್ತಿನಲ್ಲಿ ಏನು ಮಾಡಬೇಕೆಂಬ ಕ್ರಮ ಎರಡೂ ಕೆಲಸ ಕೊಟ್ಟವರ ಹೊಣೆ. ಹಾಗಾಗಿ ಈ ದಾಖಲೆಗೆ ಸಹಿ ನಿಮ್ಮದಲ್ಲ, ಸರ್ವಿಸ್ ಮುಖ್ಯಸ್ಥರದ್ದಾಗಿರಲಿ. ಹಲ್ಲೆಯಿಂದ ಸಿಬ್ಬಂದಿಯೊಬ್ಬರು 7 ದಿನಕ್ಕಿಂತ ಹೆಚ್ಚು ಕೆಲಸ ಮಾಡಲಾಗದಿದ್ದರೆ ರಿಡ್ಡರ್ (ಕೆಲಸದ ಜಾಗದ ಗಾಯಗಳನ್ನು ವರದಿ ಮಾಡುವ ನಿಯಮ) ಅಡಿ 15 ದಿನದೊಳಗೆ ವರದಿ ಹೋಗಬೇಕು.

---

ಡ್ಯೂಟಿ ಡೆಸ್ಕ್

ರಕ್ತಸ್ರಾವದ ಕಿಟ್ ಮರೆತಿದ್ದೆವು. ರಿಸೆಪ್ಶನ್‌ಗೆ ಒಂದು, ಶೆಡ್‌ಗೆ ಒಂದು: ಟೂರ್ನಿಕೆ (ರಕ್ತ ನಿಲ್ಲಿಸಲು ಬಿಗಿಯೋ ಪಟ್ಟಿ), ಗಾಯಕ್ಕೆ ತುಂಬೋ ಗಾಜ್ ಬಟ್ಟೆ, ದೊಡ್ಡ ಬ್ಯಾಂಡೇಜು, ಎದೆ ಗಾಯಕ್ಕೆ ಅಂಟಿಸೋ ಸೀಲು, ಗ್ಲೌಸು, ಬಟ್ಟೆ ಕತ್ತರಿ, ಮಾರ್ಕರ್ ಪೆನ್ನು. ಕೈಕಾಲಿನ ಗಾಯಕ್ಕೆ ಮೊದಲು ಅದುಮಿ ಹಿಡಿಯೋದು. ನಿಲ್ಲದಿದ್ದರೆ ಗಾಯದಿಂದ 5ರಿಂದ 7 ಸೆಂಟಿಮೀಟರ್ ಮೇಲೆ ಟೂರ್ನಿಕೆ, ಮೊಣಕಾಲು ಮೊಣಕೈ ಕೀಲಿನ ಮೇಲೆ ಬೇಡ, ಕಟ್ಟಿದ ಸಮಯ ಅದರ ಮೇಲೇ ಬರೀರಿ, ಸಡಿಲ ಮಾಡಬೇಡಿ. ಗಾಜ್ ತುಂಬೋದು ಎದೆ ಗಾಯಕ್ಕಲ್ಲ. ಚುಚ್ಚಿಕೊಂಡೇ ಇರೋ ಚಾಕು ಎಳೆಯಬೇಡಿ. ಆಸಿಡ್ ಬಿದ್ದರೆ ಬಟ್ಟೆ ತೆಗೆದು ಕನಿಷ್ಠ 20 ನಿಮಿಷ ಹರಿಯೋ ನೀರು, ಅದಕ್ಕೆ ಶೆಡ್ ನಲ್ಲಿಗೆ ಉದ್ದನೆ ಪೈಪ್ ಹಾಕಿಸಿ. ಯಾರದ್ದೋ ಬಾಟಲಿ ಬಿಟ್ಟುಹೋದದ್ದು ಸಿಕ್ಕರೆ ಮುಚ್ಚಳ ತೆಗೆದು ಮೂಸಬೇಡಿ, ಸಿಂಕಿಗೆ ಸುರಿಯಬೇಡಿ. ಕಿಟ್‌ಗೆ ಬೀಗ ಹಾಕಬೇಡಿ, ಒಮ್ಮೆ ತೆರೆದದ್ದು ಗೊತ್ತಾಗೋ ಪ್ಲಾಸ್ಟಿಕ್ ಸೀಲ್ ಸಾಕು. ಒಳಗಿನ ಗಾಜ್‌ಗೆ ಎಕ್ಸ್‌ಪೈರಿ ದಿನಾಂಕ ಇರುತ್ತೆ, ಅದನ್ನ ಬಟನ್ ಪರೀಕ್ಷೆ ಬರೆಯೋ ಪುಸ್ತಕದಲ್ಲೇ ಬರೆದಿಡಿ.